ಬೀಗರ ಮೀನು

ಮುನಾಫ್ ಸಾಬರ ಮನೆಯಲ್ಲಿ ಕುರ್ಚಿಗಳು ಒಟ್ಟು ಆರು. ಐದು ಕೂರುವುದಕ್ಕೆ, ಆರನೆಯದು ಆಳುವುದಕ್ಕೆ.

ಆರನೆಯದು ಬೆತ್ತದ ಕುರ್ಚಿ. ಎರಡೂ ಬದಿಗೆ ಅಗಲವಾದ ಕೈ, ಬೆನ್ನಿಗೊಂದು ದಿಂಬು. ನಡುಮನೆಯಲ್ಲಿ ಫ್ಯಾನಿನ ನೇರ ಕೆಳಗೆ, ಟಿವಿಗೆ ಎದುರಾಗಿ, ಬಾಗಿಲಿಗೆ ಓರೆಯಾಗಿ ಅದರ ಸ್ಥಾಪನೆಯಾಗಿತ್ತು. ಅಲ್ಲಿ ಕೂತರೆ ಓಣಿಯಲ್ಲಿ ಹೋಗುವವರು, ಅಡುಗೆಮನೆಯಿಂದ ಬರುವ ಚಹಾ, ಟಿವಿಯ ಸ್ಕೋರು, ಗಾಜಿನ ತೊಟ್ಟಿಯ ಮೀನು, ಈ ನಾಲ್ಕೂ ಕತ್ತು ಹೊರಳಿಸದೆ ಕಾಣುತ್ತಿದ್ದವು. ಬಲಗೈ ಚಾಚಿದರೆ ಫ್ಯಾನಿನ ರೆಗ್ಯುಲೇಟರು, ಎಡಗೈ ಚಾಚಿದರೆ ಟವೆಲಿನ ಮೊಳೆ. ಹದಿನೆಂಟು ವರ್ಷದಿಂದ ಅದರಲ್ಲಿ ಬೇರೆ ಯಾರೂ ಕೂತಿರಲಿಲ್ಲ. (ಒಂದು ಬೆಕ್ಕು ಒಮ್ಮೆ ಕೂತಿತ್ತು. ಆಮೇಲೆ ಅದು ಆ ಓಣಿಯಲ್ಲೇ ಕಾಣಲಿಲ್ಲ.)

ದಾವಣಗೆರೆಯ ಆಜಾದ್ ನಗರದಲ್ಲಿ ಮುನಾಫ್ ಸಾಬರೆಂದರೆ ಬೀರು ಮಾಡುವವರು ಎಂದು ಪ್ರಸಿದ್ಧಿ. ಊರಿನ ಅರ್ಧ ಮದುವೆಗಳ ಸೀರೆ, ಬಂಗಾರವೆಲ್ಲ ತಾವು ತಗಡು ಬಗ್ಗಿಸಿ ಮಾಡಿದ ಬೀರುಗಳಲ್ಲೇ ನಿದ್ದೆ ಮಾಡುತ್ತಿವೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಈಗ ಅಂಗಡಿಯನ್ನು ಮಗ ಅಸದ್ ನೋಡಿಕೊಳ್ಳುತ್ತಿದ್ದುದರಿಂದ ಸಾಬರು ಮನೆ ನೋಡಿಕೊಳ್ಳುತ್ತಿದ್ದರು. ಅಂದರೆ ಕುರ್ಚಿಯಲ್ಲಿ ಕೂತು ಮನೆಯನ್ನು ನೋಡುತ್ತಿದ್ದರು. ಮನೆಯಲ್ಲಿ ನೋಡುವುದಕ್ಕೆ ಏನೂ ಉಳಿಯದಾಗ ತೊಟ್ಟಿಯನ್ನು ನೋಡುತ್ತಿದ್ದರು. ನಾಲ್ಕಡಿ ಉದ್ದದ ತೊಟ್ಟಿ, ಅದಕ್ಕೆ ತಾವೇ ವೆಲ್ಡಿಂಗ್ ಮಾಡಿದ ಕಬ್ಬಿಣದ ಸ್ಟ್ಯಾಂಡು, ಒಳಗೆ ಒಂದೇ ಒಂದು ಮೀನು. ಮುಕ್ಕಾಲಡಿಯ, ಕಪ್ಪು ಮೈಗೆ ಕಿತ್ತಳೆ ಮಚ್ಚೆಯ ಆಸ್ಕರ್ ಜಾತಿಯದು. ಹೆಸರು ಸೇಠು. ಅದೂ ದಿನವಿಡೀ ಒಂದೇ ಕಲ್ಲಿನ ಪಕ್ಕ ನಿಂತು ಸಾಬರನ್ನು ನೋಡುತ್ತಿತ್ತು. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.

ಎಂಥ ಬೀರುವಿಗೂ ಗಟ್ಟಿ ಬೀಗ ಕೂರಿಸಿದ ಮನುಷ್ಯ. ಆದರೆ ಬೀಗರಿಗೆ ಬೀಗ ಹಾಕುವ ವಿದ್ಯೆ ಅವರಿಗೂ ಗೊತ್ತಿರಲಿಲ್ಲ.

ಬೀಗರೆಂದರೆ ಸೊಸೆ ನುಜತ್‌ಳ ತಂದೆ, ಹರಿಹರದ ಮಸ್ತಾನಸಾಬರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫೋರ್‌ಮನ್ ಆಗಿ ನಿವೃತ್ತರಾದವರು. ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ದಾವಣಗೆರೆಯಲ್ಲಿ. ಆಮೇಲೆ ಹತ್ತು ದಿನ, ದಿನಕ್ಕೆ ಆರು ಸಲ ಕಣ್ಣಿಗೆ ಹನಿ ಹಾಕಬೇಕು. ಭಾರ ಎತ್ತಬಾರದು, ತಲೆ ಬಗ್ಗಿಸಬಾರದು ಎಂದು ಡಾಕ್ಟರ ಅಪ್ಪಣೆ. (ಎರಡನೆಯದನ್ನು ಹೇಳುವ ಅಗತ್ಯವಿರಲಿಲ್ಲ. ಜೀವಮಾನದಲ್ಲಿ ಯಾರ ಮುಂದೆಯೂ ಬಗ್ಗಿದ ತಲೆಯಲ್ಲ ಅದು.) ಅವರ ಹೆಂಡತಿ ದೊಡ್ಡ ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗಿದ್ದರು. ಹನಿ ಹಾಕುವವರು ಯಾರು? ಹೀಗಾಗಿ ಹತ್ತು ದಿನ ಕಿರಿಯ ಮಗಳ ಮನೆಯಲ್ಲಿ ಇರುವುದೆಂದು ತೀರ್ಮಾನವಾಗಿ, ಆಪರೇಷನ್ನಿನ ಹಿಂದಿನ ದಿನ ಅವರು ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಮುಚ್ಚಳಕ್ಕೆ ತೂತು ಕೊರೆದ ಪೇಂಟಿನ ಬಕೀಟು ಹಿಡಿದುಕೊಂಡು ಆಟೋದಿಂದ ಇಳಿದರು.

ಮುನಾಫ್ ಸಾಬರು ಬಾಗಿಲಿಗೆ ಓಡಿದರು. "ಬರ್ರಿ ಬೀಗ್ರೇ, ಬರ್ರಿ! ಸಂಕೋಚ ಮಾಡ್ಕಬ್ಯಾಡ್ರಿ. ಇದು ನಿಮ್ಮದೇ ಮನಿ ಅಂತ ತಿಳ್ಕಳ್ರಿ."

ಈ ಮಾತನ್ನು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಯಾರೂ ತಿಳಿದುಕೊಳ್ಳುವುದಿಲ್ಲ. ಹೇಳುವುದು ಮನೆಯವನ ಧರ್ಮ. ಕೇಳಿಸಿಕೊಂಡು ಕುರ್ಚಿಯ ತುದಿಯಲ್ಲಿ ಕೂರುವುದು ಬಂದವನ ಧರ್ಮ. ಆದರೆ ಮಸ್ತಾನಸಾಬರು ಮೂವತ್ತು ವರ್ಷ ಆರ್ಡರು ಅಂದರೆ ಆರ್ಡರು ಎಂದು ಬದುಕಿದವರು. "ಆತು" ಎಂದರು. ಚಪ್ಪಲಿ ಬಿಟ್ಟರು. ಹೆಗಲ ಟವೆಲನ್ನು ಮೊಳೆಗೆ ಹಾಕಿದರು. ಬೆತ್ತದ ಕುರ್ಚಿಯಲ್ಲಿ ಕೂತರು. ಬಲಗೈ ಚಾಚಿ ಫ್ಯಾನನ್ನು ಐದರಿಂದ ಎರಡಕ್ಕೆ ಇಳಿಸಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುನಾಫ್ ಸಾಬರ ಹೆಂಡತಿ ಸಿದ್ದೀಕಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನುಜತ್ ಒಮ್ಮೆ ಅಪ್ಪನನ್ನು, ಒಮ್ಮೆ ಮಾವನನ್ನು ನೋಡಿ, ಚಹಾಕ್ಕಿಡಲು ಒಳಗೆ ಹೋದಳು.

"ಬಕೀಟಿನಾಗ ಏನ್ರಿ ಬೀಗ್ರೇ? ಉಪ್ಪಿನಕಾಯಾ?" ಎಂದು ಮುನಾಫ್ ಸಾಬರು ಪ್ಲಾಸ್ಟಿಕ್ ಕುರ್ಚಿಯ ಮೇಲಿಂದ ಕೇಳಿದರು.

"ಬಹಾದ್ದೂರ," ಎಂದರು ಮಸ್ತಾನಸಾಬರು. "ನಮ್ಮ ಮೀನು. ಮನ್ಯಾಗ ಯಾರಿಲ್ಲಲ್ಲ, ಕರ್ಕಂಡು ಬಂದೆ. ಬಸ್ಸಿನಾಗ ಕಂಡಕ್ಟರು ಇದಕ್ಕೂ ಟಿಕೆಟ್ ತಗೀರಿ ಅಂದ. ಕೂತಿದ್ರೆ ತಗೀತಿದ್ದೆನಪ್ಪ, ಅದು ಈಜಾಕ ಹತ್ತೈತೆ ಅಂದೆ."

"ಅದಕ್ಕೊಂದು ಬ್ಯಾರೆ ಟ್ಯಾಂಕು ತರಿಸ್ಲಾ?"

"ಬ್ಯಾರೆ ಯಾಕ? ನಮ್ಮದೇ ಅಂತ ತಿಳ್ಕಳಾಕೆ ನೀವೇ ಹೇಳಿದ್ರಲ್ಲ."

ಬಹಾದ್ದೂರ ಫ್ಲವರ್‌ಹಾರ್ನ್ ಜಾತಿಯ ಮೀನು. ಕೆಂಪು ಮೈ, ಹಣೆಯ ಮೇಲೆ ದೊಡ್ಡ ನಿಂಬೆಹಣ್ಣಿನಷ್ಟು ಗುಬುಟು. ಬೀಗುವುದಕ್ಕೇ ಹುಟ್ಟಿದ ಜಾತಿ. ತೊಟ್ಟಿಗೆ ಬಿಟ್ಟ ಐದನೇ ನಿಮಿಷಕ್ಕೆ ಅದು ಸೇಠುವಿನ ಕಲ್ಲಿನ ಪಕ್ಕ ಹೋಗಿ ನಿಂತಿತು. ಸೇಠು ಕಿವಿರು ಅಗಲಿಸಿತು. ಬಹಾದ್ದೂರ ಬಾಯಿ ಅಗಲಿಸಿತು. ಆಮೇಲೆ ನಡೆದ ಮಹಾಸಮರದಲ್ಲಿ ನೀರು ಟಿವಿಯವರೆಗೂ ಸಿಡಿಯಿತು, ಸೇಠುವಿನ ಬಾಲದ ಅಂಚು ಹರಿಯಿತು. ಇದಾದ ಎರಡನೇ ದಿನ ಬೆಳಿಗ್ಗೆ ಸೇಠು ತಳದಲ್ಲಿ ಮಗ್ಗುಲಾಗಿ ಮಲಗಿಬಿಟ್ಟಿತ್ತು.

ಸೇಠು ಸತ್ತೇಹೋಯಿತೆಂದು ಸಾಬರು ತಿಳಿದರು. ಮೀನಿನ ಅಂಗಡಿಯ ಮಹಾಂತೇಶನಿಗೆ ಫೋನಿನಲ್ಲಿ ಫೋಟೋ ಕಳಿಸಿದರು. ಮಹಾಂತೇಶನದು ಬರೆಯುವ ಅಭ್ಯಾಸವಲ್ಲ, ಧ್ವನಿ ಕಳಿಸುವ ಅಭ್ಯಾಸ. ಸಾಬರದು ಅದನ್ನು ಪೂರ್ತಿ ದನಿಯಲ್ಲಿ ಮೂರು ಸಲ ಕೇಳುವ ಅಭ್ಯಾಸ. ಇದರಿಂದ ಮೀನಿನ ಶಾಸ್ತ್ರ ಅಡುಗೆಮನೆಗೂ ಹಿತ್ತಲಿಗೂ ಅನಾಯಾಸವಾಗಿ ತಲುಪುತ್ತಿತ್ತು.

"ಮುನಾಫ್ ಭಾಯ್, ಅದು ಸತ್ತಿಲ್ರಿ," ಎಂದಿತು ಫೋನು. "ಮುನಿಸ್ಕಂಡೈತೆ. ಆಸ್ಕರ್ ಜಾತಿನೇ ಹಂಗೆ. ಜಾಗ ಹೋತು ಅಂದ್ರೆ ಊಟ ಬಿಟ್ಟು ಮಗ್ಗಲಾಗಿ ಮಲಗ್ತೈತೆ."

ಸಿದ್ದೀಕಾ ಗಂಡನನ್ನು ನೋಡಿದರು. ಅವರು ಹಿಂದಿನ ಸಂಜೆಯಿಂದ, ತಲೆನೋವೆಂದು ಹೇಳಿ, ಊಟ ಬಿಟ್ಟು, ಮಂಚದ ಮೇಲೆ ಗೋಡೆಗೆ ಮುಖ ಹಾಕಿ ಮಲಗಿದ್ದವರು ಈಗಷ್ಟೇ ಎದ್ದಿದ್ದರು.

"ಆ ಜಾತಿ ನಮ್ಮನ್ಯಾಗ ಒಂದೇ ಅಲ್ಲ ಬಿಡ್ರಿ," ಎಂದರು ಸಿದ್ದೀಕಾ.

ಸಾಬರಿಗೆ ಇದು ಅರ್ಥವಾಗಲಿಲ್ಲ. ಅವರ ಗಮನವೆಲ್ಲ ತೊಟ್ಟಿಯ ಮೇಲೆ, ಮತ್ತು ತೊಟ್ಟಿಯ ಮುಂದೆ ತಮ್ಮ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತವರ ಮೇಲೆ ಇತ್ತು. ಆಪರೇಷನ್ ಆದ ಮನುಷ್ಯನನ್ನು ಏಳಿ ಎನ್ನುವಂತಿಲ್ಲ. ಬೀಗರನ್ನಂತೂ ಎನ್ನುವಂತೆಯೇ ಇಲ್ಲ. ಫ್ಯಾನು ಐದಕ್ಕೆ ಹೋದರೆ "ಕಣ್ಣಾಗ ನೀರು ಬರ್ತೈತೆ" ಎಂದು ಎರಡಕ್ಕೆ ಬರುತ್ತಿತ್ತು. ಕ್ರಿಕೆಟ್ ಹಾಕಿದರೆ "ನನಗೆ ಕಾಣಲ್ಲ, ವಾರ್ತೆ ಹಾಕ್ರಿ, ಕೇಳ್ತೀನಿ" ಎಂಬ ಆಜ್ಞೆ. ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಕೊಂಕು ಮಾತ್ರ ಪೂರ್ತಿ ಕನ್ನಡ, ಯಾಕೆಂದರೆ ಬೀಗರಿಗೆ ಕಾರ್ಖಾನೆಯಲ್ಲಿ ಕೂಗಾಡಿ ರೂಢಿಯಾಗಿದ್ದ ಭಾಷೆ ಅದು.

"ನಮ್ಮ ಸೇಠು ಬಾಳ ಸಂಭಾವಿತ. ಬಂದವ್ರಿಗೆ ಜಾಗ ಬಿಡ್ತೈತೆ. ಕೆಲವ್ರಿಗೆ ಅದು ತಿಳಿಯಲ್ಲ," ಎಂದರು ಮುನಾಫ್ ಸಾಬರು, ಗೋಡೆಗೆ ಹೇಳುವಂತೆ.

"ಬಿಡ್ತೈತೋ, ಬಿಡಿಸ್ಕಂತಾರೋ?" ಎಂದರು ಮಸ್ತಾನಸಾಬರು, ಫ್ಯಾನಿಗೆ ಹೇಳುವಂತೆ.

ಕೋಣಗಳೆರಡು ಹೋರಿದರೆ ನಡುವಿನ ಗಿಡಕ್ಕೆ ಸಾವು ಎನ್ನುತ್ತಾರೆ. ಈ ಮನೆಯ ಗಿಡ ನುಜತ್. ಅಪ್ಪನಿಗೆ ಮೊದಲು ಚಹಾ ಕೊಟ್ಟರೆ ಮಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮಾವನಿಗೆ ಮೊದಲು ಕೊಟ್ಟರೆ ಅಪ್ಪ "ಹ್ಞೂಂ" ಎನ್ನುತ್ತಿದ್ದರು.

ಮಹಾಂತೇಶನ ಎರಡನೇ ಧ್ವನಿ ಬಂತು. "ಹಸಿದ ಮೀನು ಕಚ್ತೈತೆ ಭಾಯ್. ಎರಡಕ್ಕೂ ಎರಡು ಮೂಲ್ಯಾಗ, ಒಂದೇ ಟೈಮಿಗೆ, ಹೊಟ್ಟಿ ತುಂಬ ಹಾಕ್ರಿ. ಅತ್ತಗಿಂದು ಇತ್ತಗೆ ಕಾಣಬಾರ್ದು."

ಸಾಬರು ಶ್ರದ್ಧೆಯಿಂದ ತೊಟ್ಟಿಯ ನಡುವಿಗೆ ನಿಂತು ಎರಡು ತುದಿಗೆ ಎರಡು ಕೈಯಿಂದ ಕಾಳು ಹಾಕಿದರು. ಅಂದು ಮಧ್ಯಾಹ್ನ ಖೀಮಾ ಇತ್ತು. ಸಾಬರಿಗೆ ನಡುಮನೆಯಲ್ಲೂ ಬೀಗರಿಗೆ ಒಳಕೋಣೆಯಲ್ಲೂ ಊಟದ ದಸ್ತರ್‌ಖಾನ್ ಹಾಸಿ, ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ, ಒಟ್ಟಿಗೇ ಬಡಿಸಿದರು. ಬೇಡ ಬೇಡವೆಂದರೂ ಮತ್ತೆ ಮತ್ತೆ ಬಡಿಸಿದರು. "ಏನಿವತ್ತು ವಿಶೇಷ?" ಎಂದು ಸಾಬರು ಕೇಳಿದರೆ, "ಏನಿಲ್ರಿ, ಹಂಗೇ," ಎಂದರು ಸಿದ್ದೀಕಾ. ಊಟವಾದ ಮೇಲೆ ಇಬ್ಬರೂ ಗಂಡಸರು ನಾಲ್ಕು ಗಂಟೆಯವರೆಗೆ ಗೊರಕೆ ಹೊಡೆದರು. ಅಷ್ಟು ಹೊತ್ತು ಮನೆಯಲ್ಲಿ ಶಾಂತಿ ನೆಲೆಸಿತ್ತು.

ಮೂರನೇ ಧ್ವನಿ ಮರುದಿನ ಬಂತು. "ಟ್ಯಾಂಕಿನ ಲೈಟು ಆರಿಸಿ ಬಟ್ಟಿ ಮುಚ್ರಿ. ಕತ್ತಲಾದ್ರೆ ಯಾರ ಜಾಗದಾಗ ಯಾರದಾರೆ ಅಂತ ಕಾಣಲ್ಲ. ತಣ್ಣಗಾಗ್ತಾವೆ."

ಸಾಬರು ತೊಟ್ಟಿಗೆ ಹಳೇ ಲುಂಗಿ ಹೊದಿಸಿದರು. ಅಂದು ಮೂರು ಗಂಟೆಗೆ ಟಿವಿಯ ದನಿಯ ಬಗ್ಗೆ ಮಾತು ಏರಿ, ಮಸ್ತಾನಸಾಬರು ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡ ಗಳಿಗೆಗೆ ಸರಿಯಾಗಿ ಕರೆಂಟು ಹೋಯಿತು. ಪಕ್ಕದ ಮನೆಯ ಮಿಕ್ಸಿ ಮಾತ್ರ ತಿರುಗುತ್ತಲೇ ಇತ್ತು. ಮೀಟರ್ ಬೋರ್ಡಿನ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಸಿದ್ದೀಕಾ, "ಕರೆಂಟ್ ಹೋತು ನೋಡ್ರಿ" ಎಂದರು. ಕರೆಂಟಿನವರನ್ನು ಮುನಾಫ್ ಸಾಬರು ಹತ್ತು ನಿಮಿಷ ಬೈದರು. ಮಸ್ತಾನಸಾಬರು ಹತ್ತು ನಿಮಿಷ ಬೈದರು. ಆಮೇಲೆ ಸೇರಿ ಬೈದರು. ನಾಲ್ಕು ದಿನದಲ್ಲಿ ಇಬ್ಬರೂ ಒಂದೇ ಪಕ್ಷಕ್ಕೆ ಬಂದದ್ದು ಅದೇ ಮೊದಲು.

ಕರೆಂಟು ಬಂತು. ಜಗಳವೂ ಬಂತು.

ಕೊನೆಗೆ ಸಾಬರು ಖುದ್ದಾಗಿ ಮಂಡಿಪೇಟೆಯ ಹತ್ತಿರದ ಮಹಾಂತೇಶನ ಅಂಗಡಿಗೇ ಹೋದರು. ಮಹಾಂತೇಶ ಪೂರ್ತಿ ಕಥೆ ಕೇಳಿ ನಕ್ಕ.

"ಏನ್ರಿ ಭಾಯ್, ಹರಿಹರದಾಗ ಹರಿ, ಹರ ಇಬ್ರೂ ಒಂದೇ ಮೈಯಾಗ ಅದಾರೆ. ಅದೇ ಊರಿನ ಮೀನಿಗೆ ನಾಕಡಿ ಟ್ಯಾಂಕು ಸಾಲ್ತಿಲ್ಲಾ?"

"ಅದನ್ನ ಬೀಗ್ರಿಗೆ ಕೇಳು. ಉಪಾಯ ಹೇಳಪ್ಪ."

"ನೋಡ್ರಿ, ಮೀನು ಕೆಟ್ಟದ್ದಲ್ಲ. ಜಾಗದ ಸೊಕ್ಕು ಕೆಟ್ಟದ್ದು. ಎರಡನ್ನೂ ತಗದು ಬಕೀಟಿಗೆ ಹಾಕ್ರಿ. ಒಳಗಿನ ಕಲ್ಲು, ಗಿಡ, ಪೈಪು ಎಲ್ಲಾ ಅದಲುಬದಲು ಮಾಡ್ರಿ. ಹಳೇದೊಂದೂ ಹಳೇ ಜಾಗದಾಗ ಇರಬಾರ್ದು. ಆಮ್ಯಾಲೆ ಎರಡನ್ನೂ ಒಂದೇ ಸಲಕ್ಕೆ ಬಿಡ್ರಿ. ಇಬ್ರೂ ಹೊಸಬರಾದ್ರೆ ಇಬ್ರೂ ತೆಪ್ಪಗಿರ್ತಾರೆ. ಆದ್ರೆ ಒಂದನ್ನ ಮೊದ್ಲು ಬಿಟ್ರೋ, ಕೆಲಸ ಕೆಡ್ತು."

ಸಾಬರು ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ, ಸೊಸೆಗೆ ಒಂದಕ್ಷರ ಬಿಡದೆ ಒಪ್ಪಿಸಿದರು. ಸಿದ್ದೀಕಾ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ಕೇಳಿದರು. "ಇನ್ನೊಂದು ಸಲ ಹೇಳ್ರಿ," ಎಂದರು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೆಂಡತಿ ತಮ್ಮ ಮಾತನ್ನು ಇನ್ನೊಂದು ಸಲ ಕೇಳಿದ್ದು ಸಾಬರಿಗೆ ನೆನಪಿರಲಿಲ್ಲ. ಉಬ್ಬಿ ಇನ್ನೊಂದು ಸಲ ಹೇಳಿದರು.

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಎರಡು ಮೀನನ್ನೂ ಬಕೀಟಿಗೆ ಹಾಕಿ, ಕಲ್ಲುಗಳನ್ನು ಅತ್ತಿತ್ತ ಸರಿಸಿದ ಮೇಲೆ ಸಾಬರ ಮನಸ್ಸು ಅಳುಕಿತು. ನ್ಯಾಯ ಬೇರೆ, ಸೀನಿಯಾರಿಟಿ ಬೇರೆ. ಮೂರು ವರ್ಷದಿಂದ ಈ ತೊಟ್ಟಿಯಲ್ಲಿ ಇದ್ದ ಮೀನಿಗೂ ಮೊನ್ನೆ ಬಸ್ಸಿನಲ್ಲಿ ಬಂದ ಮೀನಿಗೂ ಒಂದೇ ತಕ್ಕಡಿಯೇ? ಬೀಗರು ಒಳಕೋಣೆಯಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಳ್ಳುತ್ತಿದ್ದ ಹೊತ್ತು ನೋಡಿ, ಸಾಬರು ಸೇಠುವನ್ನು ಮಾತ್ರ ತೊಟ್ಟಿಗೆ ಬಿಟ್ಟರು. ಅರ್ಧ ಗಂಟೆ ಕಳೆದ ಮೇಲೆ, ಏನೂ ಅರಿಯದವರಂತೆ, ಬಹಾದ್ದೂರನನ್ನು ಬಿಟ್ಟರು.

ಅಷ್ಟರಲ್ಲಿ ಸೇಠು ತೊಟ್ಟಿಯ ನಾಲ್ಕೂ ಮೂಲೆಗೆ ಹಕ್ಕುಪತ್ರ ಮಾಡಿಸಿಕೊಂಡಿತ್ತು. ಬಹಾದ್ದೂರ ನೀರು ಮುಟ್ಟಿದ್ದೇ ತಡ, ಗುದ್ದಿತು. ಬಹಾದ್ದೂರ ತಿರುಗಿ ಗುದ್ದಿತು. ಫಿಲ್ಟರಿನ ಪೈಪು ಕಿತ್ತು ಹೊರಗೆ ಬಂದು ನೆಲವೆಲ್ಲ ನೀರಾಯಿತು. ಸದ್ದು ಕೇಳಿ ಒಳಗಿಂದ ಬಂದ ಮಸ್ತಾನಸಾಬರ ಕಾಲು ಜಾರಿತು. ನುಜತ್ ಹಿಡಿದುಕೊಳ್ಳದಿದ್ದರೆ ಮುಖ ತೊಟ್ಟಿಯ ಸ್ಟ್ಯಾಂಡಿಗೆ ಬಡಿಯುತ್ತಿತ್ತು.

"ಬೀಗ್ರೇ, ನಿಮ್ಮದನ್ನ ಮೊದ್ಲು ಬಿಟ್ರಿ," ಎಂದರು ಮಸ್ತಾನಸಾಬರು. "ಒಂದು ಕಣ್ಣು ಕಾಣ್ದಿದ್ರೂ ಇನ್ನೊಂದು ಕಾಣ್ತೈತೆ ನನಗೆ. ನಿಮ್ಮ ಮೀನು ಬಾಲ ಒಣಗೋತಂಕ ಜಾಗ ಹಿಡ್ದು ನಿಂತೈತೆ, ನಮ್ಮದು ಈಗ ಬಕೀಟಿನಿಂದ ಬಂದೈತೆ. ಇದು ಮೋಸ."

"ಬಾಲ ಒಣಗೋದೇನ್ರಿ, ನೀರಾಗ ಇರೋ ಮೀನಿಂದು?"

"ಮಾತಿಗೆ ಅಂದೆ! ನಿಮ್ಮ ಮೀನಿಗೆ ತಾಕತ್ತಿಲ್ಲ. ಅದಕ್ಕೇ ಮೋಸ."

"ನಿಮ್ಮ ಮೀನು ರೌಡಿ. ಬಂದ ದಿನಾನೇ ಇನ್ನೊಬ್ರ ಜಾಗದಾಗ ಕೂತೈತೆ!"

ಮಾತು ಹೊರಬಿದ್ದ ಮೇಲೆ ಸಾಬರಿಗೆ ತಿಳಿಯಿತು, ಅದು ಮೀನಿನ ಮಾತಾಗಿ ಉಳಿದಿಲ್ಲವೆಂದು. ಮಸ್ತಾನಸಾಬರು ಮೊಳೆಯ ಮೇಲಿನ ಟವೆಲು ತೆಗೆದುಕೊಂಡರು.

"ಆತು. ನಾಳೆ ನಾ ಹರಿಹರಕ್ಕೆ ಹೊಂಟೆ."

ಆಪರೇಷನ್ ಆಗಿ ಐದೇ ದಿನ. ಇನ್ನೂ ಐದು ದಿನ ಹನಿ ಹಾಕಬೇಕು. ಹರಿಹರದ ಮನೆಯಲ್ಲಿ ಯಾರೂ ಇಲ್ಲ. ನುಜತ್ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದಿನಲ್ಲೂ ಅಳು ಕೇಳಿಸಿತು. ಮುನಾಫ್ ಸಾಬರಿಗೆ ನಿಜಕ್ಕೂ ಕೆಟ್ಟದೆನಿಸಿತು. ಡಾಕ್ಟರು ಬೇಡವೆಂದ ಸಕ್ಕರೆಯನ್ನು ಅತ್ತೆಯ ಕಣ್ಣು ತಪ್ಪಿಸಿ ದಿನಾ ಅರ್ಧ ಚಮಚ ತಮ್ಮ ಚಹಾಕ್ಕೆ ಹಾಕಿಕೊಡುವ ಹುಡುಗಿ ಅದು.

"ಅವ್ರ ಕಣ್ಣಿಗೆ ಏನಾರ ಆದ್ರೆ ಈ ಹುಡುಗಿ ಮಾರಿ ನಾ ಹೆಂಗೆ ನೋಡ್ಲಿ?" ಎಂದರು ಸಿದ್ದೀಕಾ, ನೆಲ ಒರೆಸುತ್ತ. "ಒಂದು ಕುರ್ಚಿ ಸಲುವ್ಯಾಗಿ!"

"ಕುರ್ಚಿ ಅಲ್ಲ, ಮೀನು."

"ಹೌದ್ರಿ. ಮೀನೇ."

ಮರುದಿನ ಬೆಳಿಗ್ಗೆ ಮಸ್ತಾನಸಾಬರು ಬ್ಯಾಗು ಕಟ್ಟಿಕೊಂಡು ಕೂತಿದ್ದರು. (ಕುರ್ಚಿಯಲ್ಲಿ ಅಲ್ಲ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ. ಕುರ್ಚಿ ಖಾಲಿಯಿತ್ತು. ಮುನಾಫ್ ಸಾಬರಿಗೂ ಯಾಕೋ ಅದರಲ್ಲಿ ಕೂರುವ ಮನಸ್ಸಾಗಲಿಲ್ಲ.) ಬಹಾದ್ದೂರನನ್ನು ಗಾಯವಾಗದಂತೆ ಹಿಡಿದುಕೊಡಲು ಮಹಾಂತೇಶ ಬರಬೇಕಿತ್ತು. ಅವನು ಬರುವುದು ಸಂಜೆಗೆ ಎಂದರು ಸಿದ್ದೀಕಾ. ಆಗ ನುಜತ್, ಅಪ್ಪನ ಪಕ್ಕ ಕೂತು, ಮೆಲ್ಲಗೆ ಕೇಳಿದಳು.

"ಅಬ್ಬಾಜಾನ್, ಬರೋವಾಗ ಹಿತ್ತಲ ಬಾಗ್ಲಿಗೆ ಬೀಗ ಹಾಕಿದ್ರಾ?"

"ಹಾಕೀನಿ."

"ಖರೇ ಹಾಕಿದ್ರಾ?"

ಖರೇ ಎಂದು ಕೇಳಿದ ಮೇಲೂ ತಾನು ಹಾಕಿದ ಬೀಗದ ಬಗ್ಗೆ ಧೈರ್ಯವಾಗಿರುವ ಗಂಡಸು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಮಸ್ತಾನಸಾಬರು ಕನ್ನಡಕ ಸರಿಮಾಡಿಕೊಂಡರು. ಬಕೀಟು ಎತ್ತಿಕೊಳ್ಳುವ ಗಡಿಬಿಡಿಯಲ್ಲಿ ಹಾಕಿದೆನೋ ಇಲ್ಲವೋ?

"ಸಂಜಿತಂಕ ಟೈಮ್ ಐತಲ್ಲ. ಈಗ ಹೋಗಿ ನೋಡ್ಕಂಡು ಬರ್ರಿ," ಎಂದರು ಸಿದ್ದೀಕಾ. "ಒಬ್ರೇ ಬ್ಯಾಡ. ಇವ್ರು ಬರ್ತಾರೆ. ಹನ್ನೆರಡಕ್ಕೆ ಹನಿ ಹಾಕೋದು ಇವ್ರೇ." ಔಷಧಿಯ ಸೀಸೆಯನ್ನು ಗಂಡನ ಜೇಬಿಗೆ ಇಟ್ಟರು. "ಬ್ಯಾಗು ಇಲ್ಲೇ ಇರ್ಲಿ."

ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನಲ್ಲಿ ಇಬ್ಬರೂ ಕೂತರು. ಇಬ್ಬರೂ ಭಾರಿ ಆಳು. ಕಿಟಕಿ ಕಡೆ ಮಸ್ತಾನಸಾಬರು, ಅರ್ಧ ದೇಹ ಸೀಟಿನ ಹೊರಗೆ ಚಾಚಿಕೊಂಡು ಮುನಾಫ್ ಸಾಬರು. ಹರಿಹರದಲ್ಲಿ ಇಳಿದರು. ತುಂಗಭದ್ರೆಯ ಸೇತುವೆಯ ಹತ್ತಿರದ ಮನೆಗೆ ಹೋಗಿ ಹಿತ್ತಲಿಗೆ ಸುತ್ತಿ ಬಂದು ನೋಡಿದರೆ, ಬೀಗ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಮುನಾಫ್ ಸಾಬರು ಕಸುಬಿನ ಅಭ್ಯಾಸದಿಂದ ಎರಡು ಸಲ ಜಗ್ಗಿ ನೋಡಿದರು. "ಚಲೋ ಬೀಗ," ಎಂದರು. ಇಷ್ಟು ದಿನದಲ್ಲಿ ಬೀಗರಿಗೆ ಸಂಬಂಧಪಟ್ಟ ವಸ್ತುವೊಂದನ್ನು ಅವರು ಹೊಗಳಿದ್ದು ಅದೇ ಮೊದಲು.

ಹನ್ನೆರಡಾಯಿತು. ಮುಂಗಟ್ಟೆಯ ಮೇಲೆ ಮಸ್ತಾನಸಾಬರು ಕನ್ನಡಕ ತೆಗೆದು ತಲೆ ಹಿಂದಕ್ಕೆ ಚೆಲ್ಲಿ ಕೂತರು.

"ಕೈ ತೊಳ್ಕಂಡ್ರಾ?"

"ತೊಳ್ಕಂಡೆ. ಮ್ಯಾಲೆ ನೋಡ್ರಿ. ಕಣ್ಣು ಮುಚ್ಚಬ್ಯಾಡ್ರಿ."

ತಗಡಿನ ಮೇಲೆ ನೂಲಿನಷ್ಟೂ ವ್ಯತ್ಯಾಸವಾಗದೆ ತೂತು ಕೊರೆದ ಕೈ ಸೀಸೆ ಹಿಡಿದು ಗುರಿ ನೋಡಿತು. ಮೊದಲ ಹನಿ ಮೂಗಿನ ಮೇಲೆ ಬಿತ್ತು, ಎರಡನೆಯದು ಮೀಸೆಗೆ. ಕೆಂಪಗಾದ ಆ ಕಣ್ಣು ರೆಪ್ಪೆ ಬಡಿಯದೆ ಆಕಾಶ ನೋಡುತ್ತ ಕಾಯುತ್ತಿತ್ತು. ಮೂರನೆಯದು ಸರಿಯಾಗಿ ಬಿತ್ತು. ಯಾರಿಗೂ ತಲೆ ಬಗ್ಗಿಸದ ಮನುಷ್ಯ ತಮ್ಮ ಮುಂದೆ ಹೀಗೆ ಕತ್ತೊಡ್ಡಿ ಕೂತದ್ದನ್ನು ನೋಡಿ ಮುನಾಫ್ ಸಾಬರಿಗೆ ಪಾಪ ಅನ್ನಿಸಿತು. ತಮ್ಮ ಮೇಲೆ ನಾಚಿಕೆಯೂ ಅನ್ನಿಸಿತು.

ಕಣ್ಣು ಮುಚ್ಚಿಕೊಂಡೇ ಮಸ್ತಾನಸಾಬರು ಹೇಳಿದರು. "ಆ ಕುರ್ಚಿ ನಿಮ್ಮದು ಅಂತ ನನಗೆ ಮೊದಲ್ನೇ ದಿನಾನೇ ತಿಳೀತು ಬೀಗ್ರೇ."

"ಮತ್ತೆ?"

"ಅಲ್ಲಿ ಕೂತ್ರೆ ಅಡಿಗಿಮನಿ ಬಾಗ್ಲು ಕಾಣ್ತೈತೆ. ಮಗಳು ಬರೋದು, ಹೋಗೋದು. ಎರಡು ವರ್ಷಾತು, ಮದಿವ್ಯಾದ ಮ್ಯಾಲೆ ನಾಕು ದಿನ ಅವಳನ್ನ ಕಣ್ಣು ತುಂಬ ನೋಡಿದ್ದೇ ಇಲ್ಲ. ಪೊರಿ ಬ್ಯಾರೆ, ಮಂಜು ಮಂಜು ಕಾಣ್ತಿತ್ತು. ಈಗೀಗ ಚೆನ್ನಾಗಿ ಕಾಣಾಕ ಹತ್ತೈತೆ. ಅದಕ್ಕೇ ಏಳಾಕೆ ಮನಸ್ಸು ಬರ್ಲಿಲ್ಲ."

ಹದಿನೆಂಟು ವರ್ಷ ಆ ಕುರ್ಚಿಯಲ್ಲಿ ಕೂತ ಮುನಾಫ್ ಸಾಬರಿಗೆ ಅಡುಗೆಮನೆಯ ಬಾಗಿಲಿನಿಂದ ಚಹಾ ಬರುವುದು ಕಂಡಿತ್ತು. ತರುವವರು ಕಂಡಿದ್ದರೋ ಇಲ್ಲವೋ ನೆನಪಿಗೆ ಬರಲಿಲ್ಲ. ಸೀಸೆಯ ಮುಚ್ಚಳ ತಿರುಗಿಸುತ್ತ, "ಮಂಡಕ್ಕಿ ಮೆಣಸಿನಕಾಯಿ ತಿನ್ನೋಣೇನ್ರಿ?" ಎಂದರು.

ತಿಂದರು. ಒಂದೇ ಕಾಗದದಲ್ಲಿ ತಿಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸಾಬರು ಒಂದು ಘನವಾದ ನಿರ್ಧಾರ ಮಾಡಿದರು. ಮನೆಗೆ ಹೋದ ಕೂಡಲೇ, ಹೆಂಡತಿ, ಸೊಸೆಯರ ಸಮಕ್ಷಮ, ಕುರ್ಚಿಯನ್ನು ಬೀಗರಿಗೆ ಬಿಟ್ಟುಕೊಡುವುದು. ಐದು ದಿನಕ್ಕಲ್ಲ, ಬಂದಾಗಲೆಲ್ಲ. ಆ ಸಂದರ್ಭಕ್ಕೆ ಒಂದು ವಾಕ್ಯವನ್ನೂ ಕಟ್ಟಿದರು: "ಬೀಗ್ರೇ, ಇವತ್ತಿನಿಂದ ಈ ಕುರ್ಚಿ ನಿಮ್ಮದು, ನಾನು ನಿಮ್ಮ ಪಕ್ಕದವ." ದಾವಣಗೆರೆ ಬರುವಷ್ಟರಲ್ಲಿ ಅದನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡು, ತಮ್ಮ ತ್ಯಾಗಕ್ಕೆ ತಾವೇ ಕಣ್ಣು ಒದ್ದೆ ಮಾಡಿಕೊಂಡಿದ್ದರು.

ಮನೆಯ ಹೊಸ್ತಿಲಿಗೆ ರೂಢಿಯಂತೆ ಮೊದಲು ಅವರೇ ಕಾಲಿಟ್ಟರು.

"ನಿಲ್ರಿ!" ಒಳಗಿನಿಂದ ಸಿದ್ದೀಕಾ ಕೂಗಿದರು. "ಆ ಕಾಲು ಹೊರಗೆ ತಗೀರಿ. ಒಬ್ಬೊಬ್ರೇ ಬರಬ್ಯಾಡ್ರಿ. ಇಬ್ರೂ ಒಂದೇ ಸಲಕ್ಕೆ ಬರ್ರಿ."

ಯಾಕೆಂದು ತಿಳಿಯದೆ ಇಬ್ಬರೂ ಒಂದೇ ಸಲಕ್ಕೆ ಬಂದರು. ಅಂದರೆ ಬಾಗಿಲಲ್ಲಿ ಹೆಗಲಿಗೆ ಹೆಗಲು ಸಿಕ್ಕಿಕೊಂಡು, ಓರೆಯಾಗಿ, ನುಜತ್ ಕೈ ಹಿಡಿದು ಎಳೆದ ಮೇಲೆ ಬಂದರು. ಬಂದು ನಿಂತಲ್ಲೇ ನಿಂತರು.

ಟಿವಿ ಇದ್ದ ಗೋಡೆಗೆ ಮಂಚ ಬಂದಿತ್ತು. ಮಂಚವಿದ್ದಲ್ಲಿ ಬೀರು. ಚಪ್ಪಲಿ ಬಿಡುವ ಜಾಗದಲ್ಲಿ ಹೊಲಿಗೆ ಮಿಷನ್ನು. ಟವೆಲಿನ ಮೊಳೆ ಇದ್ದಲ್ಲಿ ಒಂದು ತೂತು ಮಾತ್ರ. ಅಡುಗೆಮನೆಯ ಬಾಗಿಲಿಗೆ ಎದುರಾಗಿ, ಬಾಗಿಲಿಗೆ ಸಮದೂರದಲ್ಲಿ, ಒಂದೇ ಬಣ್ಣದ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮುನಾಫ್ ಸಾಬರು ಟವೆಲು ಹಿಡಿದು ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಇಟ್ಟು ಮತ್ತೆ ಇದ್ದಲ್ಲಿಗೇ ಬಂದರು. ಮಸ್ತಾನಸಾಬರೂ ಹಾಗೇ ಮಾಡಿದರು.

ತೊಟ್ಟಿಯ ಒಳಗೂ ಎಲ್ಲ ಬದಲಾಗಿತ್ತು. ಎರಡು ತುದಿಗೆ ಎರಡು ಮಣ್ಣಿನ ಮಡಕೆ, ನಡುವೆ ಕಲ್ಲಿನ ಸಾಲು. ಮಹಾಂತೇಶ ಸಂಜೆಗಲ್ಲ, ಮಧ್ಯಾಹ್ನವೇ ಬಂದು ಹೋಗಿದ್ದ. ಒಂದು ಮಡಕೆಯ ಬಾಯಲ್ಲಿ ಸೇಠು, ಇನ್ನೊಂದರ ಬಾಯಲ್ಲಿ ಬಹಾದ್ದೂರ. ಎರಡೂ ಕಿವಿರು ಮಡಚಿಕೊಂಡು, ಯಾರ ಮನೆಗೆ ಬಂದೆವೋ ಎಂಬಂತೆ ಹೊರಗೆ ನೋಡುತ್ತಿದ್ದವು. ಸಾಬರು ಸೇಠುವನ್ನು ನೋಡಿದರು. ಸೇಠು ಸಾಬರನ್ನು ನೋಡಿತು. ಆಗ ಅವರ ತಲೆಯಲ್ಲಿ ಏನೋ ಟಕ್ಕೆಂದಿತು.

"ಅಂದ್ರೆ... ಅವತ್ತಿನ ಖೀಮಾ?"

"ಎರಡು ಮೂಲಿ, ಒಂದೇ ಟೈಮು," ಎಂದಿತು ಸಿದ್ದೀಕಾರ ದನಿ.

"ಕರೆಂಟು?"

"ಮೇನ್ ಸ್ವಿಚ್ಚು."

"ಹರಿಹರ?"

"ಬಕೀಟು."

ಮಸ್ತಾನಸಾಬರು ಮೊದಲು ತೊಟ್ಟಿಯನ್ನು, ಆಮೇಲೆ ಮಗಳನ್ನು ನೋಡಿ, ಭುಜ ಕುಣಿಯುವಂತೆ ನಗತೊಡಗಿದರು. ನಗುತ್ತ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ನುಜತ್, ಈ ಬ್ಯಾಗು ಒಳಗಿಡು," ಎಂದರು.

ಆದರೆ ಮುನಾಫ್ ಸಾಬರ ಎದೆಯಲ್ಲಿ ಆ ವಾಕ್ಯ ಇನ್ನೂ ಹಾಗೇ ಕೂತಿತ್ತು. ಹತ್ತು ಸಲ ಹೇಳಿಕೊಂಡ ವಾಕ್ಯ, ವ್ಯರ್ಥವಾಗಬಾರದು. ಗಂಟಲು ಸರಿಮಾಡಿಕೊಂಡು, "ಬೀಗ್ರೇ, ಇವತ್ತಿನಿಂದ ಆ ಕುರ್ಚಿ..." ಎಂದು ಶುರುಮಾಡಿ, ಕೈ ತೋರಿಸಲು ಕುರ್ಚಿ ಎಲ್ಲಿದೆ ಎಂದು ಸುತ್ತಲೂ ಹುಡುಕಿದರು.

ಫ್ಯಾನು ಮಾತ್ರ ಇದ್ದಲ್ಲೇ ಇತ್ತು. ಅದರ ನೇರ ಕೆಳಗೆ, ದಿಕ್ಕು ಬದಲಿಸಿದ ಬೆತ್ತದ ಕುರ್ಚಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಮಡಿಲಲ್ಲಿ ಬೆಳ್ಳುಳ್ಳಿಯ ತಟ್ಟೆ, ಪಕ್ಕದಲ್ಲಿ ರಿಮೋಟು ಇಟ್ಟುಕೊಂಡು ಸಿದ್ದೀಕಾ ಕೂತಿದ್ದರು. ಫ್ಯಾನು ಮೂರರಲ್ಲಿ ತಿರುಗುತ್ತಿತ್ತು.

"ಯಾಕ ನಿಂತೀರಿ?" ಎಂದರು ಅವರು, ಬಾಯ್ತುಂಬ ಉಪಚಾರ ತುಂಬಿಕೊಂಡು. "ಕೂಡ್ರಿ. ಸಂಕೋಚ ಮಾಡ್ಕಬ್ಯಾಡ್ರಿ. ಇದು ನಿಮ್ಮದೇ ಮನಿ ಅಂತ ತಿಳ್ಕಳ್ರಿ."

ಮುನಾಫ್ ಸಾಬರು ಉಳಿದಿದ್ದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತರು.